ಸೆಮಿ-ಡಿಟ್ಯಾಚ್ಡ್: ನಾಲ್ಕು ತುಂಡಿನ ಒಂದು ಪದ

ಪ್ರಿಯ ಸಹೋದರಿ,

ಇಂಗ್ಲೆಂಡಿಗೆ ಬಂದು ಮೂರು ವಾರವಾದರೂ ಬಾಡಿಗೆ ಮನೆ ಸಿಕ್ಕಿಲ್ಲವೆಂದೂ, ಏಜೆಂಟರಿಗೆ ಫೋನ್ ಮಾಡಿ ‘ಸೆಮಿ-ಡಿಟ್ಯಾಚ್ಡ್’ (ಜೋಡಿಮನೆ) ಎಂದಾಗಲೆಲ್ಲ ಅವರು ‘ಸಾರಿ?’ ಎಂದು ಮತ್ತೆ ಕೇಳುವುದರಿಂದ ಇಲ್ಲಿ ಬಾಳುವಷ್ಟು ಇಂಗ್ಲಿಷ್ ನಿಮಗೆ ಬಾರದೇನೋ ಎಂಬ ಅಳುಕು ಹುಟ್ಟಿದೆಯೆಂದೂ ಬರೆದಿದ್ದೀರಿ. ನಿಮ್ಮ ಇಂಗ್ಲಿಷಿಗೆ ಏನೂ ಆಗಿಲ್ಲ. ಹದಿನೆಂಟು ವರ್ಷಗಳ ಹಿಂದೆ ಇದೇ ಪದವನ್ನು ನಾನೂ ಒಂದು ಕಚೇರಿಯಲ್ಲಿ ಮೂರು ಸಲ ಹೇಳಿ, ಕೊನೆಗೆ ಚೀಟಿಯಲ್ಲಿ ಬರೆದು ತೋರಿಸಿದ್ದೆ.

ಈ ಪದಕ್ಕೆ ನಾಲ್ಕೇ ಸಿಲಬಲ್, ಅಂದರೆ ಉಚ್ಚಾರದ ತುಂಡು: ಸೆ-ಮಿ-ಡಿ-ಟ್ಯಾಚ್ಟ್. ನಿಘಂಟಿನಲ್ಲಿ ‘ಸೆಮ್-ಇ’ ಎಂದು ಒಡೆದಿರುವುದನ್ನು ಕಂಡರೆ ಗಾಬರಿಯಾಗಬೇಡಿ, ನುಡಿಯುವಾಗ ಅದರಿಂದ ವ್ಯತ್ಯಾಸವಾಗದು. ನಾವು ಎಡವುವುದು ಕೊನೆಯ ತುಂಡಿನಲ್ಲಿ. ಬಸ್ಸು, ಕಾರು ಎಂದು ಪದದ ಕೊನೆಗೊಂದು ಸ್ವರ ಸೇರಿಸಿ ರೂಢಿಯಾದ ನಮ್ಮ ನಾಲಿಗೆಗೆ ಎರಡು ವ್ಯಂಜನಗಳ ಮೇಲೆ ನಿಲ್ಲುವುದು ಕಷ್ಟ. ಆದ್ದರಿಂದ ‘ಟ್ಯಾ-ಚೆಡ್’ ಎಂದು ಐದನೆಯ ತುಂಡೊಂದನ್ನು ಹುಟ್ಟಿಸುತ್ತೇವೆ. ಕಾಗುಣಿತದಲ್ಲಿ ಇ-ಡಿ ಇದ್ದರೂ, ಅದರ ಹಿಂದೆ ಟ ಅಥವಾ ಡ ಧ್ವನಿಯಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಬೇರೆ ತುಂಡಾಗುತ್ತದೆ. ಮನೆ ಜಾಹೀರಾತಿನಲ್ಲೇ ನೋಡಿ: ‘ಕಾರ್ಪೆಟೆಡ್’ನಲ್ಲಿ ಅದು ಕೇಳುತ್ತದೆ, ‘ಡಬಲ್-ಗ್ಲೇಜ್ಡ್’ನಲ್ಲಿ ಬರಿಯ ಡ್ ಆಗುತ್ತದೆ, ‘ಫರ್ನಿಶ್ಟ್’ನಲ್ಲಿ, ನಮ್ಮ ‘ಟ್ಯಾಚ್ಟ್’ನಲ್ಲಿರುವಂತೆಯೇ, ಟ್ ಆಗುತ್ತದೆ. ಇನ್ನೊಂದು ಮಾತು: ನಮ್ಮ ಲಿಪಿಯಲ್ಲಿ ‘ಟ್ಯಾ’ ಎಂದು ಬರೆಯದೆ ದಾರಿಯಿಲ್ಲ, ಆದರೆ ಆ ಜಾಗದಲ್ಲಿ ಯಕಾರವಿಲ್ಲ, ಟಕಾರದಿಂದ ನೇರವಾಗಿ ಬಾಯಿ ಅಗಲಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ಒತ್ತು. ನಮ್ಮ ಕಿವಿ ಲಘು-ಗುರುಗಳಿಗೆ, ಅಂದರೆ ಕಾಲದ ಅಳತೆಗೆ ಪಳಗಿದೆ. ಇಂಗ್ಲಿಷರು ಪದವನ್ನು ಗುರುತಿಸುವುದು ಬಹುಮಟ್ಟಿಗೆ ಬಲ ಎಲ್ಲಿ ಬಿತ್ತು ಎಂಬುದರಿಂದ. ‘ಮನೆ ಸೆಮಿ-ಡಿಟ್ಯಾಚ್ಡ್’ ಎಂದು ಪದ ಕೊನೆಯಲ್ಲಿ ಬಂದಾಗ ಬಲ ‘ಟ್ಯಾಚ್ಟ್’ ಮೇಲಿರುತ್ತದೆ, ‘ಸೆ’ ಮೇಲೆ ಸ್ವಲ್ಪ ಇರುತ್ತದೆ. ಅದೇ ಪದ ‘ಹೌಸ್’ಗೆ ಮೊದಲು ವಿಶೇಷಣವಾಗಿ ನಿಂತರೆ ಬಲ ಪದದ ಆರಂಭಕ್ಕೆ ಸರಿದು ‘ಸೆ’ ಮೇಲೆ ಬೀಳುತ್ತದೆ, ಮುಂದಿನ ದೊಡ್ಡ ಒತ್ತು ‘ಹೌಸ್’ಗೆ ಹೋಗುತ್ತದೆ. ‘ಸೆಕೆಂಡ್-ಹ್ಯಾಂಡ್’, ‘ಓಲ್ಡ್-ಫ್ಯಾಶನ್ಡ್’ ಪದಗಳಲ್ಲೂ ಹೀಗೆಯೇ. ನಾಲ್ಕೂ ತುಂಡುಗಳನ್ನು ಒಂದೇ ತೂಕದಲ್ಲಿ ಹೇಳಿದಾಗ ಕೇಳುವವರು ತಡವರಿಸುತ್ತಾರೆ.

ಅರ್ಥದ ವಿಷಯದಲ್ಲೂ ಎಚ್ಚರವಿರಲಿ. ಪಕ್ಕದ ಮನೆಯೊಡನೆ ಒಂದು ಗೋಡೆ ಹಂಚಿಕೊಂಡದ್ದು ಸೆಮಿ-ಡಿಟ್ಯಾಚ್ಡ್. ‘ಟೆರಸ್ಟ್’ ಎಂದರೆ ನಮ್ಮ ತಾರಸಿ ಮನೆಯಲ್ಲ, ಸಾಲುಮನೆ.

ನಾಳೆ ಫೋನಿನಲ್ಲಿ ‘ತ್ರೀ-ಬೆಡ್‌ರೂಮ್ ಸೆಮಿ’ ಎಂದಷ್ಟೇ ಹೇಳಿ. ಇಲ್ಲಿಯವರು ದಿನವೂ ಆಡುವುದು ಅದನ್ನೇ.