ಓನರ್ ನಮ್ಮವರೇ ಆದರೂ ಮೊದಲು ಮ್ಯಾನೇಜರ್‌ಗೇ ಬರೆಯಿರಿ

ಮೆಲ್ಬರ್ನ್‌ಗೆ ಬಂದು ಟಾರ್ನೀಟ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದೀರಿ. ಗ್ಯಾರೇಜಿನ ಷಟರ್ ಅರ್ಧಕ್ಕೇ ನಿಲ್ಲುತ್ತಿದೆ, ವಾರ್ಡ್‌ರೋಬಿನ ಬಾಗಿಲು ಹಳಿ ತಪ್ಪಿದೆ, ಓನರ್ ಪರವಾಗಿ ಮನೆ ನೋಡಿಕೊಳ್ಳುವ ಏಜೆಂಟ್, ಅಂದರೆ ಪ್ರಾಪರ್ಟಿ ಮ್ಯಾನೇಜರ್‌ಗೆ ಫೋನ್ ಮಾಡಿದರೆ "ನೋಡ್ತೀವಿ" ಅನ್ನುತ್ತಾರೆ, ಯಾರೂ ಬರುವುದಿಲ್ಲ. ಅಷ್ಟರಲ್ಲಿ ಓನರ್ ಕನ್ನಡದವರೇ ಎಂದು ತಿಳಿದು, ಪರಿಚಯದವರಿಂದ ನಂಬರೂ ಸಿಕ್ಕಿದೆ. "ನೇರವಾಗಿ ಅವರಿಗೇ ಫೋನ್ ಮಾಡಿಬಿಡಲಾ ಅಣ್ಣಾ?" ಎಂದು ಕೇಳಿದ್ದೀರಿ. ಜೊತೆಗೆ ಮಗಳ ಶಾಲೆ, ಡ್ರೈವಿಂಗ್ ಲೈಸೆನ್ಸ್ ವಿಚಾರ.

ಸರ್ಕಾರಿ ಶಾಲೆ ಮನೆಯ ವಿಳಾಸದ ಮೇಲೆ ಹೋಗುತ್ತದೆ, ನಿಮ್ಮ ಝೋನಿನ ಶಾಲೆಗೆ ಹೋಗಿ ಮಾತಾಡಿ. ಲೈಸೆನ್ಸ್ ಟೆಸ್ಟ್ ತಡಮಾಡದೆ ಬುಕ್ ಮಾಡಿ. ಊರಲ್ಲಿ ಎಷ್ಟೇ ವರ್ಷ ಓಡಿಸಿದ್ದರೂ ಇಲ್ಲಿ ಒಂದೆರಡು ಕ್ಲಾಸ್ ತೆಗೆದುಕೊಳ್ಳಿ.

ಇನ್ನು ಓನರ್ ಮಾತು. ಇದಕ್ಕೆ ಸ್ವಲ್ಪ ಸಾವಧಾನವಾಗಿ ಉತ್ತರ ಕೊಡಬೇಕು.

ನಾವು ಬಂದಾಗ ಹಿಡಿದ ಮೊದಲ ಮನೆಯ ಓನರೂ ಕನ್ನಡದವರೇ. ಬಂದ ಹೊಸತರಲ್ಲೇ ಮನೆಗೆ ಬಂದು, "ಏನಾದ್ರೂ ಬೇಕಿದ್ರೆ ನಂಗೇ ಹೇಳಿ, ಏಜೆಂಟ್ ಹತ್ರ ಯಾಕೆ ಹೋಗ್ತೀರಿ" ಅಂದಿದ್ದರು. ಗುರುತು ಪರಿಚಯ ಇಲ್ಲದ ಊರಲ್ಲಿ ಆ ಮಾತು ಎಷ್ಟು ಧೈರ್ಯ ಕೊಡುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚಳಿಗಾಲದಲ್ಲಿ ಗೋಡೆಯೊಳಗಿನ ಪೈಪ್ ಸೋರಿ ಮಲಗುವ ಕೋಣೆಯ ಕಾರ್ಪೆಟ್ ನೆನೆಯಿತು. ಫೋನ್ ಮಾಡಿದೆವು, ಅವರು ತಕ್ಷಣ ತಮ್ಮ ಗುರುತಿನ ಪ್ಲಂಬರನ್ನು ಕಳಿಸಿದರು. ಪೈಪ್ ಸರಿಹೋಯಿತು, ಕಾರ್ಪೆಟ್ ಮೇಲೆ ಕಲೆ ಉಳಿಯಿತು. "ಇರಲಿ ಬಿಡಿ, ಹಳೇ ಕಾರ್ಪೆಟ್ಟು" ಅಂದರು. ಮ್ಯಾನೇಜರ್‌ಗೆ ಇದ್ಯಾವುದೂ ಗೊತ್ತೇ ಇಲ್ಲ.

ಮನೆ ಬಿಡುವ ದಿನ ಮ್ಯಾನೇಜರ್ ಕಂಡೀಷನ್ ರಿಪೋರ್ಟ್, ಅಂದರೆ ನಾವು ಬಂದಾಗ ಮನೆ ಹೇಗಿತ್ತು ಎಂದು ಬರೆದ ಹಾಳೆ, ಹಿಡಿದುಕೊಂಡು ಬಂದರು. ಅದರಲ್ಲಿ ಕಾರ್ಪೆಟ್ ಚೊಕ್ಕಟ ಎಂದಿದೆ, ನೆಲದ ಮೇಲೆ ಕಲೆ ಇದೆ, ಸೋರಿಕೆಯ ಬಗ್ಗೆ ಫೈಲಿನಲ್ಲಿ ಒಂದಕ್ಷರವೂ ಇಲ್ಲ. ಬಾಂಡಿನಿಂದ, ಅಂದರೆ ನಾವು ಕೊಟ್ಟಿದ್ದ ಠೇವಣಿಯಿಂದ, ಮುರಿದುಕೊಳ್ಳುತ್ತೇವೆ ಅಂದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ, ಕಾಗದದಲ್ಲಿದ್ದದ್ದನ್ನು ಓದಿದರು ಅಷ್ಟೆ. ಓನರ್‌ಗೆ ಫೋನ್ ಮಾಡಿದರೆ, "ಅದೆಲ್ಲ ಏಜೆಂಟ್ ನೋಡ್ಕೊಳ್ತಾರೆ, ನಾನು ಮಧ್ಯೆ ಬರೋಕಾಗಲ್ಲ" ಎಂದುಬಿಟ್ಟರು. ಹೋದ ದುಡ್ಡು ಮರೆತುಹೋಗಿದೆ. ಆದರೆ ಈಗಲೂ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಎದುರಾದಾಗ ಇಬ್ಬರೂ ಬೇರೆ ಕಡೆ ನೋಡುತ್ತೇವೆ. ಇಲ್ಲಿ ನಮಗಿದ್ದ ಮೊದಲ ನಂಟು ಅದು. ಒಂದು ಇಮೇಲ್ ಇದ್ದಿದ್ದರೆ ಉಳಿಯುತ್ತಿತ್ತು ಎಂಬ ಕೊರಗು ಹೋಗಿಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮ್ಯಾನೇಜರ್ ಓನರ್‌ನಿಂದ ಸಂಬಳ ಪಡೆಯುವವರು, ನಿಮ್ಮಿಂದ ಅಲ್ಲ. ಎಷ್ಟೋ ಸಲ ತಡವಾಗುವುದು ಅವರಿಂದಲ್ಲ, ಖರ್ಚಿಗೆ ಓನರ್ ಇನ್ನೂ ಹೂಂ ಅಂದಿರುವುದಿಲ್ಲ. ಕೆಲವು ಕಡೆ ಮಾತ್ರ ಮ್ಯಾನೇಜರ್ ವಿಷಯವನ್ನೇ ದಾಟಿಸಿರುವುದಿಲ್ಲ. ನಿಮ್ಮದು ಯಾವುದು ಎಂದು ತಿಳಿಯಲು ಫೋನ್ ಬಿಟ್ಟು ಬರಹಕ್ಕೆ ಬನ್ನಿ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ತುರ್ತಲ್ಲದ ರಿಪೇರಿಯನ್ನು ಲಿಖಿತವಾಗಿ ಕೇಳಿದ 14 ದಿನದೊಳಗೆ ಮಾಡಿಕೊಡಬೇಕು. ನೀವು ಫೋನಿನಲ್ಲಿ ಹೇಳಿದ್ದರಿಂದ ಆ ಎಣಿಕೆ ಇನ್ನೂ ಶುರುವೇ ಆಗಿಲ್ಲ. ಫೋಟೋ ಸಮೇತ ಇಮೇಲ್ ಹಾಕಿ, ಕೊನೆಯಲ್ಲಿ "ಇದನ್ನು ಓನರ್‌ಗೆ ಯಾವತ್ತು ಕಳಿಸಿದಿರಿ, ಅವರು ಏನಂದರು" ಎಂದೂ ಕೇಳಿ.

ಬಿಸಿನೀರು ನಿಂತಿತು, ಹೀಟರ್ ಕೆಟ್ಟಿತು, ಗ್ಯಾಸ್ ಸೋರಿತು ಅಂದರೆ ಅದು ತುರ್ತು, ಕಾಯಬೇಡಿ. ಎಷ್ಟು ಮೊತ್ತದವರೆಗೆ ತುರ್ತು ರಿಪೇರಿಗೆ ಏಜೆಂಟ್ ತಾನೇ ಒಪ್ಪಿಗೆ ಕೊಡಬಹುದು ಎಂದು ಮನೆ ಕೊಡುವಾಗಲೇ ನಿಮಗೆ ಬರೆದು ಕೊಟ್ಟಿರಬೇಕು, ಆ ಹಾಳೆ ಹುಡುಕಿ. ಯಾರೂ ಸ್ಪಂದಿಸದಿದ್ದರೆ 2,500 ಡಾಲರ್‌ವರೆಗಿನ ತುರ್ತು ರಿಪೇರಿಯನ್ನು ನೀವೇ ಮಾಡಿಸಿ ರಸೀದಿ ಕೊಟ್ಟು ವಾಪಸ್ ಕೇಳಬಹುದು. ಇದೆಲ್ಲ ನಿಮ್ಮ ಹಕ್ಕು. ಹೊಸಬರು ಇದನ್ನು ಕೇಳಲು ಅಂಜುತ್ತಾರೆ, ಅದು ನೋಡಿದರೆ ನನಗೆ ಸಂಕಟವಾಗುತ್ತದೆ.

14 ದಿನ ಕಳೆದೂ ಏನೂ ಆಗದಿದ್ದರೆ ಆಗ ಓನರ್‌ಗೆ ಬರೆಯಿರಿ, ತಪ್ಪೇನಿಲ್ಲ. ಆದರೆ ಮ್ಯಾನೇಜರ್‌ಗೂ ಅದರ ಪ್ರತಿ ಹೋಗಲಿ, ಹಳೆಯ ಇಮೇಲ್ ಕೆಳಗಿರಲಿ, ದೂರಿನ ಧಾಟಿ ಬೇಡ. ಮುಂದಿನ ಮನೆಗೆ ಅರ್ಜಿ ಹಾಕಿದಾಗ ನಿಮ್ಮ ಬಗ್ಗೆ ವಿಚಾರಿಸುವುದು ಈ ಮ್ಯಾನೇಜರ್ ಹತ್ತಿರವೇ. ಬೆನ್ನ ಹಿಂದೆ ಹೋದಿರಿ ಅನ್ನಿಸಿದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಓನರ್‌ಗೆ ಬರೆದರೂ ಕೆಲಸ ಆಗದಿದ್ದರೆ ಬಾಡಿಗೆ ತಕರಾರು ಕೇಳುವ ವಿಕ್ಯಾಟ್ (VCAT) ಎಂಬ ನ್ಯಾಯಮಂಡಳಿ ಇದೆ. ಅಲ್ಲಿಯೂ ಕೇಳುವುದು ನಿಮ್ಮ ಇಮೇಲ್‌ಗಳನ್ನೇ.

ಓನರ್ ತಾವಾಗಿಯೇ ಫೋನ್ ಮಾಡಿ ಯಾರನ್ನೋ ಕಳಿಸುತ್ತೇನೆ ಎಂದರೆ ಬೇಡ ಅನ್ನಬೇಡಿ. ಸಂಜೆಯೊಳಗೆ ಮ್ಯಾನೇಜರ್‌ಗೆ ಎರಡು ಸಾಲು ಹಾಕಿ: ಇಂಥವರು ಬಂದರು, ಇಂಥದ್ದು ಸರಿಮಾಡಿದರು, ಇಷ್ಟು ಕಲೆ ಉಳಿದಿದೆ, ಓನರ್‌ಗೂ ಗೊತ್ತಿದೆ. ಅವರು ಎಲ್ಲಾದರೂ ಸಿಕ್ಕರೆ ಖುಷಿಯಾಗಿ ಮಾತಾಡಿ, ಊರು, ಮನೆತನ ಎಲ್ಲ ವಿಚಾರಿಸಿ. ಷಟರ್ ಮಾತು ಮಾತ್ರ ಅಲ್ಲಿ ಬೇಡ.