ನನ್ನ ಮಗ ಮತ್ತೆ ಗೆಜ್ಜೆ ಕಟ್ಟಬಹುದಾ?

ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರು ನಾಟಕ, ನೃತ್ಯ, ಸಂಗೀತಕ್ಕೆ ಬರೋದರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಲ ಬರೆದಿದ್ದೆ. ರಾಶಿ ಪತ್ರ ಬಂದಿವೆ. ಎಲ್ಲದಕ್ಕೂ ಜಾಗ ಇಲ್ಲ. ಕೆಲವನ್ನು ಆರಿಸಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ. ನಾನು ಡಾಕ್ಟರಲ್ಲ, ಶಿವಮೊಗ್ಗದಲ್ಲಿ ಹವ್ಯಾಸಿ ನಾಟಕ ಮಾಡಿಸಿಕೊಂಡು ಬಂದವಳು. ಔಷಧಿಯ ವಿಷಯ ಬಂದಾಗ ನಿಮ್ಮ ಡಾಕ್ಟರ ಮಾತೇ ಕೊನೆ.

ನನ್ನ ಮಗನಿಗೆ ಇಪ್ಪತ್ತಾರು. ಹೈಸ್ಕೂಲಿನಿಂದ ಯಕ್ಷಗಾನದ ಹುಚ್ಚು, ಪುಂಡುವೇಷ, ಅಂದರೆ ಚುರುಕಾಗಿ ಕುಣಿಯುವ ಹುಡುಗವೀರರ ಪಾತ್ರ, ಮಾಡುತ್ತಿದ್ದ. ಆಮೇಲೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿ ಹುರುಪಿಗೆ ಏರಿ ಒಮ್ಮೆ ಕುಗ್ಗುವ ಕಾಯಿಲೆ, ಎಂದು ಗೊತ್ತಾಯಿತು. ಈಗ ಲಿಥಿಯಂ ಮಾತ್ರೆಯಲ್ಲಿ ಚೆನ್ನಾಗಿದ್ದಾನೆ. ಮತ್ತೆ ಗೆಜ್ಜೆ ಕಟ್ಟುತ್ತೇನೆ ಎಂದು ಹಟ. ನಮ್ಮ ಯಜಮಾನರಿಗೆ ಹೆದರಿಕೆ. ಕಳಿಸಬಹುದಾ? ತಂಡದವರಿಗೆ ಹೇಳಬೇಕಾ? — ಒಬ್ಬ ತಾಯಿ, ಕುಂದಾಪುರ ತಾಲ್ಲೂಕು

ಕಳಿಸಿ ಅಮ್ಮಾ. ಮೊದಲು ಅದನ್ನು ಹೇಳಿಬಿಡುತ್ತೇನೆ, ಷರತ್ತು ಆಮೇಲೆ.

ದೊಡ್ಡ ವಿಷಯ ನಿದ್ದೆ. ಬೈಪೋಲಾರ್ ಇರುವವರಿಗೆ ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸುವ ಭಯ ಜಾಸ್ತಿ. ನಮ್ಮ ಬಯಲಾಟ ಇರುವುದೇ ರಾತ್ರಿ. ವೃತ್ತಿ ಮೇಳ ಸೇರಿದರೆ ಮಳೆಗಾಲ ಮುಗಿದ ಮೇಲೆ ಹೊರಟ ತಿರುಗಾಟ ಮುಂದಿನ ಮಳೆ ಹತ್ತಿರ ಬರುವವರೆಗೂ ನಿಲ್ಲುವುದಿಲ್ಲ. ಇವತ್ತು ಒಂದೂರು, ನಾಳೆ ಇನ್ನೊಂದೂರು. ಅದು ಸದ್ಯಕ್ಕೆ ಬೇಡ. ಹವ್ಯಾಸಿ ತಂಡ ಹುಡುಕಿ. ಈಗ ಕಾಲಮಿತಿ ಆಟಗಳು ಎಲ್ಲ ಕಡೆ ಇವೆ. ಅವುಗಳಲ್ಲಿ ಹಲವು ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತವೆ. ಮನೆಗೆ ಬಂದು ಬಣ್ಣ ತೆಗೆದು ಮಾತ್ರೆ ತಗೊಂಡು ಮಲಗಬಹುದು. ಮಳೆಗಾಲಕ್ಕೆ ತಾಳಮದ್ದಲೆ ಇದೆ, ಕೂತು ಮಾತಿನಲ್ಲೇ ನಡೆಸುವ ಆಟ. ವೇಷದ ಭಾರವಿಲ್ಲ, ಕುಣಿತವಿಲ್ಲ. ಆದರೆ ಅಲ್ಲಿ ಎದುರಾಳಿಯ ಮಾತಿಗೆ ಆ ಕ್ಷಣವೇ ಮಾತು ಕೊಡಬೇಕು. ಕೆಲವರಿಗೆ ಅದು ಕುಣಿತಕ್ಕಿಂತ ಜಾಸ್ತಿ ತಲೆಬಿಸಿ. ಮೊದಲು ಚಿಕ್ಕ ಪಾತ್ರದ ಮಾತು ಹೇಳಿ ನೋಡಲಿ.

ಎರಡನೆಯದು ಬೆವರು. ಮುಂಡಾಸು, ಬಟ್ಟೆಯ ಪದರ, ಲೈಟು, ಏಪ್ರಿಲ್ ತಿಂಗಳ ಕರಾವಳಿ ಸೆಕೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ನಡುಕ ಇದ್ದಕ್ಕಿದ್ದಂತೆ ಜೋರಾದರೆ, ವಾಂತಿ ಭೇದಿ ಆದರೆ, ನಡೆಯುವಾಗ ತೂರಾಡಿದರೆ ವೇಷ ಬಿಚ್ಚಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇನ್ನೊಂದು, ಚೌಕಿಯಲ್ಲಿ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ) ಮಂಡಿನೋವು ಅಂದರೆ ಸಾಕು, ಯಾರಾದರೂ ಜೇಬಿನಿಂದ ನೋವಿನ ಮಾತ್ರೆ ತೆಗೆದು ಕೊಡುತ್ತಾರೆ. ಐಬುಪ್ರೊಫೆನ್ ತರಹದ ಮಾತ್ರೆಗಳೂ ಲಿಥಿಯಂ ಮಟ್ಟ ಏರಿಸುತ್ತವೆ. ಡಾಕ್ಟರನ್ನು ಕೇಳದೆ ನುಂಗಬಾರದು. ಡಾಕ್ಟರ ಹತ್ತಿರ ‘ಸ್ವಲ್ಪ ಡ್ಯಾನ್ಸ್ ಮಾಡ್ತಾನೆ’ ಅನ್ನಬೇಡಿ. ವೇಷ ಕಟ್ಟಿದ ಒಂದು ಫೋಟೋ ತೋರಿಸಿ, ಇಷ್ಟು ಹೊತ್ತು ಕುಣಿಯುತ್ತಾನೆ ಎಂದು ಹೇಳಿ. ಎಷ್ಟು ನೀರು, ರಕ್ತಪರೀಕ್ಷೆ ಯಾವಾಗ ಎಂದು ಅವರು ಬರೆದುಕೊಡಲಿ. ಊಟದಲ್ಲಿ ಉಪ್ಪನ್ನು ನೀವಾಗಿಯೇ ಕಡಿಮೆ ಮಾಡಬೇಡಿ, ಅದೂ ಲಿಥಿಯಂಗೆ ಸಂಬಂಧಪಟ್ಟ ವಿಷಯ.

ಲಿಥಿಯಂ ತಗೊಳ್ಳುವವರಲ್ಲಿ ಕೈ ಸಣ್ಣಗೆ ನಡುಗುವುದು ಸಾಮಾನ್ಯ. ಹುಬ್ಬಿನ ಗೆರೆ, ಹಣೆಯ ನಾಮ ಬರೆಯುವಾಗ ಅದು ಕಾಡುತ್ತದೆ. ಮುಖಕ್ಕೆ ಬಣ್ಣ ಅವನೇ ಹಾಕಿಕೊಳ್ಳಲಿ, ಸೂಕ್ಷ್ಮ ಗೆರೆ ಜೊತೆಯವರು ಎಳೆಯಲಿ. ಚೌಕಿಯಲ್ಲಿ ಒಬ್ಬರಿಗೊಬ್ಬರು ಕಟ್ಟಿಕೊಡುವುದು, ಬಿಗಿಯುವುದು ಇದ್ದದ್ದೇ. ಯಾರಿಗೂ ವಿಶೇಷ ಅನ್ನಿಸುವುದಿಲ್ಲ.

ಹೇಳಬೇಕಾ ಅಂತ ಕೇಳಿದ್ದೀರಿ. ಅದನ್ನು ತೀರ್ಮಾನಿಸುವವನು ನಿಮ್ಮ ಮಗ. ಕಾಯಿಲೆಯ ವಿವರವನ್ನು ಗುಟ್ಟಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ. ನನ್ನ ಸಲಹೆ ಕೇಳಿದರೆ, ಒಬ್ಬರಿಗೆ ಹೇಳಲಿ. ಹಾಡಿ ಆಟ ನಡೆಸುವ ಭಾಗವತರೋ, ತಂಡದಲ್ಲಿ ಅವನಿಗೆ ನಂಬಿಕೆ ಇರುವವರೋ. ಕಾಯಿಲೆಯ ಪುರಾಣ ಬೇಡ. ‘ಎರಡು ರಾತ್ರಿ ನಿದ್ದೆ ಬಿಟ್ಟಿದ್ದು ಕಂಡರೆ, ಮಾತು ಒಂದೇ ಸಮನೆ ಓಡಿದರೆ ಈ ನಂಬರಿಗೆ ಫೋನ್ ಮಾಡಿ’ ಅಂದರೆ ಸಾಕು. ಯಕ್ಷಗಾನದಲ್ಲಿ ಮಾತು ಓಡುವುದೇ ಕಲೆ ಅಲ್ವಾ! ಹಾಗಾಗಿ ರಂಗಸ್ಥಳದಲ್ಲಿ ನೋಡಿದರೆ ಗೊತ್ತಾಗಲ್ಲ, ಕೆಳಗೆ ಚಹಾ ಕುಡಿಯುವಾಗ ನೋಡಬೇಕು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಯಜಮಾನರಿಗೆ ಹೇಳಿ, ಆಟಕ್ಕೆ ಬರಲಿ, ಆದರೆ ಮುಂದಿನ ಸಾಲಿನಲ್ಲಿ ಕೂತು ಕಾವಲು ಕಾಯುವುದು ಬೇಡ. ವೇಷಧಾರಿಗೆ ಅಪ್ಪನ ಮುಖ ಕಂಡರೆ ಹೆಜ್ಜೆ ತಪ್ಪುತ್ತದೆ.

ನಾನು ಭರತನಾಟ್ಯ ಕಲಿತಿದ್ದೆ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಈಗ ವೀಲ್‌ಚೇರ್. ಕುಳಿತೇ ನೃತ್ಯ ಮಾಡುತ್ತೇನೆ. ಡಿಸೆಂಬರ್ 3, ಅಂಗವಿಕಲರ ದಿನ ಬಂದರೆ ಮಾತ್ರ ಕರೆಯುತ್ತಾರೆ. ಹೋದ ವರ್ಷ ವೇದಿಕೆಗೆ ನಾಲ್ಕು ಜನ ಎತ್ತಿಕೊಂಡು ಹೋದರು. ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ. — ದಾವಣಗೆರೆ

ನಿಮ್ಮ ಕೊನೆಯ ಸಾಲು ಓದಿ ನನಗೆ ಸಿಟ್ಟು ಬಂತು, ನಿಮ್ಮ ಮೇಲಲ್ಲ.

ನಮ್ಮ ರಂಗಮಂದಿರ ಕಟ್ಟುವವರ ತಲೆಯಲ್ಲಿ ವೀಲ್‌ಚೇರಿನವರು ಅಂದರೆ ಪ್ರೇಕ್ಷಕರು, ಕಲಾವಿದರಲ್ಲ. ನಾನು ಕಂಡ ಒಂದು ಜಿಲ್ಲಾ ಕೇಂದ್ರದಲ್ಲಿ ಮುಂಬಾಗಿಲಿಗೆ ಚೆಂದದ ಇಳಿಜಾರು ಇದೆ, ವೇದಿಕೆಗೆ ಕಿರಿದಾದ ಮೆಟ್ಟಿಲು, ಗ್ರೀನ್ ರೂಮಿನ ಶೌಚಾಲಯದ ಬಾಗಿಲಲ್ಲಿ ಕುರ್ಚಿ ತೂರುವುದಿಲ್ಲ. ಇಳಿಜಾರಿನ ಲೆಕ್ಕ ಗೊತ್ತಿರಲಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಅಡಿ ಎತ್ತರದ ವೇದಿಕೆಗೆ 36 ಅಡಿ ಬೇಕು. ಕಾರ್ಯಕ್ರಮದ ಬೆಳಿಗ್ಗೆ ಶಾಮಿಯಾನದವರು ಹಲಗೆ ಒರಗಿಸಿ ‘ಆಯ್ತು ಮೇಡಂ’ ಅಂದರೆ ಹತ್ತಬೇಡಿ. ಹಿಂದಕ್ಕೆ ಉರುಳುತ್ತೀರಿ.

ಅದಕ್ಕಿಂತ ಸುಲಭದ ದಾರಿ ಇದೆ. ವೇದಿಕೆ ಬಿಟ್ಟು ನೆಲಕ್ಕೆ ಬನ್ನಿ. ಸಭಾಂಗಣದ ನಡುವೆ ಜಾಗ ಮಾಡಿಸಿ, ಜನ ಮೂರು ಕಡೆ ಕೂರಲಿ. ಬೇರೆ ಕಲಾವಿದರೂ ಅಲ್ಲೇ ಮಾಡಲಿ, ನಿಮ್ಮೊಬ್ಬರಿಗಾಗಿ ಅಂತ ಬೇಡ. ಅಭಿನಯ ಇರುವುದು ಮುಖದಲ್ಲಿ, ಕೈಯಲ್ಲಿ. ಹತ್ತಿರದಿಂದ ನೋಡಿದಷ್ಟೂ ಅದಕ್ಕೆ ಬೆಲೆ.

ಕುರ್ಚಿಯ ಬಗ್ಗೆ ಬರೆದಿಲ್ಲ ನೀವು. ಆಸ್ಪತ್ರೆಯ ಕುರ್ಚಿಯಾದರೆ ಕೈ ಕೆಳಗೆ ಇಳಿಸಿದಾಗೆಲ್ಲ ಮೊಣಕೈ ಬದಿಯ ಹಿಡಿಗೆ ತಾಗುತ್ತದೆ. ಹಿಡಿ ಬಿಚ್ಚಲು ಬರುವ, ಹಗುರಾದ, ಆಟಗಾರರು ಬಳಸುವಂಥ ಕುರ್ಚಿ ನೋಡಿ. ಸೊಂಟಕ್ಕೆ, ತೊಡೆಗೆ ಪಟ್ಟಿ ಇರಲಿ. ತಾಲೀಮಿನ ಹುರುಪಿನಲ್ಲಿ ಮೈ ಎತ್ತಿ ಒತ್ತಡ ಇಳಿಸುವುದನ್ನು ಮರೆಯಬೇಡಿ. ಒತ್ತುಹುಣ್ಣು ಬಂದರೆ ತಿಂಗಳುಗಟ್ಟಲೆ ಮಲಗಬೇಕಾದೀತು. ಬೆಂಗಳೂರು ಮೂಲದ ಸೈಯದ್ ಸಲ್ಲಾವುದ್ದೀನ್ ಪಾಷಾ ವೀಲ್‌ಚೇರ್ ಮೇಲೆ ಭರತನಾಟ್ಯ, ರಾಮಾಯಣದ ರೂಪಕ ಎಲ್ಲ ಮಾಡಿಸಿದವರು. ಅವರ ತಂಡದ ವಿಡಿಯೋ ಹುಡುಕಿ ನೋಡಿ. ಚಕ್ರದ ತಿರುವೇ ಅಲ್ಲಿ ಅಡವು, ಅಂದರೆ ನೃತ್ಯದ ಹೆಜ್ಜೆ.

ಸಂಘಟಕರು ಕರೆದರೆ ಸಂಭಾವನೆ ಎಷ್ಟು ಎಂದು ಕೇಳಿ. ನೆನಪಿನ ಕಾಣಿಕೆ, ಶಾಲು ಆಮೇಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ ಸಾಂಸ್ಕೃತಿಕ ಬದುಕಿನ ಬಗ್ಗೆಯೇ ಇದೆ. ಅಂಗವೈಕಲ್ಯ ಇರುವ ಕಲಾವಿದರಿಗೆ ಸೌಲಭ್ಯ, ಪ್ರಾಯೋಜನೆ ಕೊಡಬೇಕು ಎನ್ನುತ್ತದೆ. ರಂಗಮಂದಿರದ ಮೆಟ್ಟಿಲಿನ ಬಗ್ಗೆ ಜಿಲ್ಲಾಧಿಕಾರಿಗೆ ಅರ್ಜಿ ಬರೆಯುವಾಗ ಆ ಕಲಂ ಹೆಸರಿಸಿ. ಒಂದು ಪ್ರತಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ಹೋಗಲಿ.

ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುತ್ತಿದ್ದೇನೆ. ಡೌನ್ ಸಿಂಡ್ರೋಮ್ ಇರುವ ಹುಡುಗಿ ಒಬ್ಬಳಿದ್ದಾಳೆ. ಬಹಳ ಆಸೆ ಅವಳಿಗೆ. ಮಾತು ಮರೆಯುತ್ತಾಳೆ. ಮರದ ಪಾತ್ರ ಕೊಟ್ಟಿದ್ದೇನೆ. ಸರಿಯಾ? — ಶಿಕ್ಷಕರು, ಹಾಸನ ಜಿಲ್ಲೆ

ಮೇಷ್ಟ್ರೇ, ಮರವನ್ನು ನೀವೇ ಮಾಡಿ!

ಸುಮ್ನೆ ಹೇಳಿದೆ, ಬೇಜಾರು ಬೇಡ. ಆದರೆ ನಮ್ಮ ಶಾಲಾ ನಾಟಕಗಳಲ್ಲಿ ಇಂಥ ಮಕ್ಕಳು ಮರ, ಮೋಡ, ಬಂಡೆ ಆಗಿ ನಿಂತೂ ನಿಂತೂ ಸಾಕಾಗಿದೆ. ನಮ್ಮ ಬೇಸಿಗೆ ಶಿಬಿರದಲ್ಲೂ ಅಂಥ ಹುಡುಗಿ ಇದ್ದಳು. ‘ಮಹಾರಾಜರೇ, ಶತ್ರುಸೈನ್ಯವು ಕೋಟೆಯ ಬಾಗಿಲಿಗೆ ಬಂದಿದೆ’ ಅನ್ನುವ ಮಾತು ಅವಳ ಬಾಯಲ್ಲಿ ನಿಲ್ಲಲಿಲ್ಲ. ಮಾತು ತೆಗೆದು ಕೈಗೆ ತಮಟೆ ಕೊಟ್ಟೆವು. ಓಡಿ ಬಂದು ಬಡಿದು ‘ಬಂದ್ರು! ಬಂದ್ರು!’ ಅಂದಳು. ರಾಜ ನಿಜವಾಗಿಯೂ ಹೆದರಿದ. ಮೂಲ ಮಾತಿಗಿಂತ ಅದೇ ಚೆನ್ನಾಗಿತ್ತು.

ಬರೆದ ಮಾತಿಗೆ ಅವಳನ್ನು ಬಗ್ಗಿಸಬೇಡಿ, ಅವಳ ಬಾಯಿಗೆ ಒಗ್ಗುವಂತೆ ಮಾತು ಬದಲಿಸಿ. ಉದ್ದ ಮಾತು ಹಾಡಾಗಲಿ, ಹಾಡು ಬೇಗ ನಿಲ್ಲುತ್ತದೆ. ಪ್ರತಿ ಮಾತಿಗೂ ಕೈಯಲ್ಲೊಂದು ವಸ್ತು ಇರಲಿ: ಕೊಡ ಎತ್ತಿದಾಗ ಈ ಮಾತು, ಕೊಡ ಇಳಿಸಿದಾಗ ಆ ಮಾತು. ಪರದೆ ಹಿಂದಿನಿಂದ ಪಿಸುಗುಟ್ಟಬೇಡಿ, ಅವಳು ಆ ಕಡೆ ತಿರುಗಿ ‘ಏನು ಸಾರ್?’ ಅಂತಾಳೆ. ಬದಲಿಗೆ ಜೊತೆಯ ಪಾತ್ರವೇ ರಂಗದ ಮೇಲೆ ಕೇಳಲಿ, ‘ಏನಮ್ಮಾ, ಕೆರೆ ಹತ್ತಿರ ಏನು ನೋಡಿದೆ?’ ಅಂತ. ಒಂದೇ ದಿನ ಮೂರು ಗಂಟೆ ತಾಲೀಮು ಬೇಡ, ದಿನಾ ಅರ್ಧ ಗಂಟೆ ಸಾಕು. ಜಾಗ ಬದಲಾಗದಿರಲಿ. ಕೊನೇ ದಿನ ಹೊಸ ಬಟ್ಟೆ, ಹೊಸ ಲೈಟು, ಜೋರು ಮೈಕು ಎಲ್ಲ ಒಟ್ಟಿಗೆ ಬಂದರೆ ಗಾಬರಿ ಆಗುತ್ತಾಳೆ. ವಾರದ ಮೊದಲೇ ಒಂದೊಂದಾಗಿ ತೋರಿಸಿ.

ಇದು ಎಲ್ಲಿಯವರೆಗೆ ಹೋಗಬಹುದು ಎಂದು ಕೇಳಿದರೆ, ಆಸ್ಟ್ರೇಲಿಯಾದ ಜೀಲಾಂಗ್ ಎಂಬ ಊರಲ್ಲಿ 1987ರಲ್ಲಿ ಶುರುವಾದ ಬ್ಯಾಕ್ ಟು ಬ್ಯಾಕ್ ಥಿಯೇಟರ್ ಇದೆ. ಬೌದ್ಧಿಕ ಅಂಗವೈಕಲ್ಯ ಇರುವ ನಟರು ಅಲ್ಲಿ ತಮ್ಮ ನಾಟಕವನ್ನು ತಾವೇ ಕಟ್ಟುತ್ತಾರೆ. 2022ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಇಬ್ಸೆನ್ ಪ್ರಶಸ್ತಿ ಬಂತು. ರಂಗಭೂಮಿಯಲ್ಲಿ ಅದು ಬಹಳ ದೊಡ್ಡ ಪ್ರಶಸ್ತಿ, ಕನಿಕರಕ್ಕೆ ಕೊಡುವಂಥದ್ದಲ್ಲ.

ಮೊಮ್ಮಗನಿಗೆ ಕಣ್ಣು ಕಾಣುವುದಿಲ್ಲ. ಹತ್ತು ವರ್ಷ. ಭಜನೆ ಕೇಳಿ ಹಾಗೇ ಹಾಡುತ್ತಾನೆ. ಗದಗಿಗೆ ಕಳಿಸು ಅಂತಾರೆ. ಸಂಗೀತ ಬಿಟ್ಟು ಬೇರೆ ಏನೂ ಆಗಲ್ಲವಾ? — ಕೊಪ್ಪಳ

ಅಜ್ಜಾರ, ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಮ್ಮೆ ಹುಡುಗನನ್ನ ಕರಕೊಂಡು ಹೋಗಿ ಬನ್ನಿ. ಅಲ್ಲಿ ಸಂಗೀತ ಕಲಿಸಿದ ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, 1944ರಲ್ಲಿ ಅವರು ಹೋದ ಮೇಲೆ 2010ರವರೆಗೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಆದರೆ ಅದು ಅಂಧರಿಗಷ್ಟೇ ಮೀಸಲಾದ ಜಾಗವಾಗಿ ಉಳಿಯಲಿಲ್ಲ. ಕಣ್ಣಿದ್ದ ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಕೂಡ ಪಂಚಾಕ್ಷರ ಗವಾಯಿಗಳ ಶಿಷ್ಯರೇ. ಕಾಣುವವರು, ಕಾಣದವರು ಒಂದೇ ಚಾಪೆ ಮೇಲೆ ಕೂತು ಕಲಿತರು. ಈಗ ನಾವು ಹೊಸದೆಂಬಂತೆ ಮಾತಾಡುವುದು ಅಲ್ಲಿ ಯಾವಾಗಲೋ ಆಗಿಹೋಗಿದೆ.

ನಿಮ್ಮ ಎರಡನೇ ಪ್ರಶ್ನೆ ನನಗೆ ಇಷ್ಟವಾಯಿತು. ಆ ಆಶ್ರಮದ್ದೇ ನಾಟಕ ಕಂಪನಿಯೂ ಇತ್ತು, ಪುಟ್ಟರಾಜರು ನಾಟಕ ಬರೆದವರು. ಬೆಂಗಳೂರಿನ ಜೆ.ಪಿ. ನಗರದ ರಮಣ ಮಹರ್ಷಿ ಅಂಧರ ಅಕಾಡೆಮಿಯ ಮಕ್ಕಳು ಭರತನಾಟ್ಯ ಮಾಡುತ್ತಾರೆ. ಗುರುವಿನ ಕೈ, ಭುಜ, ಮಂಡಿ ಮುಟ್ಟಿ ಭಂಗಿ ಕಲಿಯುವುದು ಅಲ್ಲಿನ ಕ್ರಮ. ಅಂಗವಿಕಲರಿಗಾಗಿ ಕೆಲಸ ಮಾಡುವ ಸಮರ್ಥನಂ ಸಂಸ್ಥೆಗೂ ‘ಸುನಾದ’ ಎಂಬ ಕಲಾತಂಡ ಇದೆ. ಊರಲ್ಲೇ ನಾಟಕ ಮಾಡಿದರೆ ಹುಡುಗನಿಗೆ ಪಾತ್ರ ಕೇಳಿ. ವೇದಿಕೆಯ ಅಂಚಿನಿಂದ ಎರಡು ಹೆಜ್ಜೆ ಒಳಗೆ ಜಮಖಾನೆ ಕೆಳಗೆ ದಪ್ಪ ಹಗ್ಗ ಹಾಸಿ ಎಂದು ಹೇಳಿ, ಬರಿಗಾಲಿಗೆ ಗೊತ್ತಾಗುತ್ತದೆ. ಹಾರ್ಮೋನಿಯಂನವರು ತಾಲೀಮಿನಲ್ಲಿ ಕೂತ ಕಡೆಯೇ ಆಟದ ದಿನವೂ ಕೂರಬೇಕು. ಅವನಿಗೆ ದಿಕ್ಕು ತಿಳಿಯುವುದು ಅದರಿಂದ.

ಕಿವಿ ಕೇಳದ ಮಗಳು ಗುಂಪು ನೃತ್ಯಕ್ಕೆ ಸೇರಬಹುದೇ? — ವಿಜಯಪುರ

ಸೇರಬಹುದು. ಸ್ಪೀಕರಿಗಿಂತ ಡೊಳ್ಳು ಒಳ್ಳೆಯದು, ಮರದ ನೆಲವಾದರೆ ಪೆಟ್ಟು ಕಾಲಿಗೇ ಬರುತ್ತದೆ. ಎದುರು ಸಾಲಿನಲ್ಲಿ ಒಬ್ಬರು ಕೈಯಲ್ಲಿ ಲೆಕ್ಕ ತೋರಿಸಲಿ. ಅವರ ಮೇಲೆ ಬೆಳಕು ಬೀಳಬೇಕು, ಇದನ್ನು ಲೈಟಿನವರು ಯಾವಾಗಲೂ ಮರೆಯುತ್ತಾರೆ.

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ವಸತಿ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಹೆಚ್ಚಿನವರಿಗೆ ಸ್ಕಿಜೋಫ್ರೀನಿಯಾ. ಅವರ ಬದುಕಿನ ಕಥೆಯನ್ನೇ ನಾಟಕ ಮಾಡಿಸಿದರೆ ಜನರಿಗೆ ಅರಿವು ಬರುತ್ತದೆ ಅನ್ನಿಸಿದೆ. — ಬೆಂಗಳೂರು

ಅವರೇ ಬಯಸಿದರೆ ಮಾಡಿ. ನೀವು ಬಯಸಿದ್ದೀರಿ ಅಂತ ಬೇಡ. ಕಷ್ಟದ ಕಥೆ ಹೇಳಿದರೆ ಮಾತ್ರ ವೇದಿಕೆ ಅನ್ನುವುದು ಅನ್ಯಾಯ. ನಗೆನಾಟಕ ಮಾಡಿಸಿ ನೋಡಿ. ಜಿಪುಣ ಮಾವ, ಸುಳ್ಳು ಜ್ಯೋತಿಷಿ, ಇಂಥವು. ಕಾಯಿಲೆಯ ಹೆಸರೇ ಬರದ ನಾಟಕದಲ್ಲಿ ಚೆನ್ನಾಗಿ ನಟಿಸುವುದೂ ಅರಿವೇ ತಾನೇ?

ಸ್ಕಿಜೋಫ್ರೀನಿಯಾಗೆ ಕೊಡುವ ಮಾತ್ರೆಗಳಲ್ಲಿ ಕೆಲವಕ್ಕೆ ಬಾಯಿ ಒಣಗುತ್ತದೆ, ಕೆಲವಕ್ಕೆ ತೂಕಡಿಕೆ, ಕೆಲವಕ್ಕೆ ಕಾಲು ಸುಮ್ಮನೆ ನಿಲ್ಲುವುದಿಲ್ಲ. ರಂಗದ ಮೇಲೆಯೇ ನೀರಿನ ಹೂಜಿ ಇಡಿ, ನಾಟಕದ ಭಾಗವಾಗಿ ಕುಡಿಯಲಿ. ಕಾಲು ನಿಲ್ಲದವರಿಗೆ ಓಡಾಡುವ ಪಾತ್ರ ಕೊಡಿ. ತಾಲೀಮು ಯಾರಿಗೆ ಯಾವಾಗ ಚುರುಕು ಎಂದು ನೋಡಿಕೊಂಡು ಇಟ್ಟುಕೊಳ್ಳಿ. ಮಧ್ಯೆ ಎದ್ದು ಹೊರಗೆ ಹೋದವರನ್ನು ಹಿಂದೆ ಹೋಗಿ ಕರೆಯಬೇಡಿ, ಬಾಗಿಲು ತೆರೆದಿಡಿ. ಆಟದ ದಿನ ಒಬ್ಬರು ಬರದೇ ಇರಬಹುದು, ಆದ್ದರಿಂದ ಪ್ರತಿ ಪಾತ್ರಕ್ಕೂ ಇಬ್ಬರನ್ನು ತಯಾರು ಮಾಡಿ.

ಮೊಬೈಲಲ್ಲಿ ವಿಡಿಯೋ ತೆಗೆದು ದಾನಿಗಳಿಗೆ ಕಳಿಸುವ ಮೊದಲು ಒಬ್ಬೊಬ್ಬರ ಒಪ್ಪಿಗೆ ಕೇಳಿ. ಯಾರನ್ನು ಕರೆಯಬೇಕು ಅನ್ನುವ ಪಟ್ಟಿಯನ್ನೂ ಅವರೇ ಬರೆಯಲಿ. ಮನೆಯವರು ಬೇಡ, ಹಳೇ ಆಫೀಸಿನವರು ಬರಲಿ ಅಂದರೆ ಹಾಗೇ ಆಗಲಿ.