ರಾಮನ್ ಪರಿಣಾಮಕ್ಕೆ ರಾಮನ್ ಹೆಸರು ಮಾತ್ರ ಯಾಕೆ?

ರಾಮನ್ ಪರಿಣಾಮವನ್ನು ಕಂಡುಹಿಡಿದ ಪ್ರಯೋಗದಲ್ಲಿ ಸಿ. ವಿ. ರಾಮನ್ ಜೊತೆ ಭೌತವಿಜ್ಞಾನಿ ಕೆ. ಎಸ್. ಕೃಷ್ಣನ್ ಕೂಡ ಇದ್ದರಲ್ಲ, ಹೆಸರು ಮಾತ್ರ ರಾಮನ್ ಅವರದ್ದೇ ಯಾಕೆ ಎಂದು ಕೇಳಿದ್ದೀರಿ.

ಈ ಹೆಸರನ್ನು ರಾಮನ್ ತಾವೇ ಇಟ್ಟುಕೊಂಡಿದ್ದಲ್ಲ. ವಸ್ತುವಿನ ಮೂಲಕ ಹಾಯುವಾಗ ಚದುರಿದ ಬೆಳಕಿನ ಸ್ವಲ್ಪ ಭಾಗ ಬಣ್ಣ ಬದಲಿಸುತ್ತದೆ ಅನ್ನೋದನ್ನು ಅವರು 'ಹೊಸ ಬಗೆಯ ದ್ವಿತೀಯಕ ವಿಕಿರಣ' ಎಂದಷ್ಟೇ ಕರೆದರು. 1928ರಲ್ಲೇ ಜರ್ಮನಿಯ ಭೌತವಿಜ್ಞಾನಿ ಪೀಟರ್ ಪ್ರಿಂಗ್ಸ್‌ಹೈಮ್ 'ರಾಮನ್ ಪರಿಣಾಮ' ಎಂದು ಬರೆದರು. ಅದೇ ನಿಂತುಬಿಟ್ಟಿತು.

ಇನ್ನೊಂದು ವಿಷಯವೂ ಇದೆ. ಕಲ್ಕತ್ತದಲ್ಲಿ ಈ ಕೆಲಸ ನಡೆದ ಫೆಬ್ರವರಿಯಲ್ಲೇ ಮಾಸ್ಕೋದಲ್ಲಿ ಭೌತವಿಜ್ಞಾನಿಗಳಾದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕಗಳಲ್ಲಿ ಇದನ್ನೇ ಕಂಡಿದ್ದರು. ಆದರೆ ರಾಮನ್ ಮತ್ತು ಕೃಷ್ಣನ್ ಅವರ ಬರಹ ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲೇ ಅಚ್ಚಾಯಿತು. ರಷ್ಯನ್ನರದ್ದು ಬಂದಿದ್ದು ಜುಲೈನಲ್ಲಿ. ವಿಜ್ಞಾನದಲ್ಲಿ ಮೊದಲು ಕಂಡವರಿಗಿಂತ ಮೊದಲು ಪ್ರಕಟಿಸಿದವರ ಮಾತಿಗೆ ತೂಕ ಜಾಸ್ತಿ, ಅಲ್ವಾ? ರಷ್ಯನ್ ಭಾಷೆಯಲ್ಲಿ ಮಾತ್ರ ಇದಕ್ಕೆ ಈಗಲೂ ಬೇರೆ ಹೆಸರೇ ಬಳಕೆಯಲ್ಲಿದೆ. ಯಾರ ಹೆಸರೂ ಇಲ್ಲದ 'ಸಂಯೋಜಿತ ಚದುರುವಿಕೆ'.

ಇನ್ನು ಕೃಷ್ಣನ್. ಅವರು ಸುಮ್ನೆ ಉಪಕರಣ ಹಿಡಿದು ನಿಂತವರಲ್ಲ, ಆ ಬರಹದಲ್ಲೇ ಅವರ ಹೆಸರಿದೆ. ಆದರೂ 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಹಲವು ವರ್ಷಗಳಿಂದ ಈ ಕೆಲಸದ ಹಿಂದೆ ಬಿದ್ದವರು, ತಂಡ ಕಟ್ಟಿದವರು ರಾಮನ್ ಅನ್ನೋದು ನಿಜ. ಆದರೆ 'ರಾಮನ್-ಕೃಷ್ಣನ್ ಪರಿಣಾಮ' ಎಂದಿದ್ದರೆ ಹೆಚ್ಚು ನ್ಯಾಯವಾಗುತ್ತಿತ್ತು ಎಂದೇ ನನಗನ್ನಿಸುತ್ತದೆ.